ಮೊದಲ ಅನುಭವದ ಹೊಣೆ ಯಾರದು?

ಕೆಲಸಕ್ಕೆ ಹೊಸದಾಗಿ ಸೇರುವವರಿಗೆಂದೇ ಇರುವ ಹುದ್ದೆಗಳಿಗೂ ಒಂದೆರಡು ವರ್ಷಗಳ ಅನುಭವವನ್ನು ಕೇಳುವ ಪದ್ಧತಿ ಕರ್ನಾಟಕದ ಖಾಸಗಿ ವಲಯದಲ್ಲಿ ಬೇರೂರಿದೆ. ಆಗತಾನೆ ಪದವಿ ಮುಗಿಸಿದವರು, ಅಂದರೆ ನೇಮಕಾತಿಯ ಆಡುಮಾತಿನಲ್ಲಿ ‘ಫ್ರೆಶರ್’ ಎನಿಸಿಕೊಳ್ಳುವವರು, ಅನುಭವವಿಲ್ಲದೆ ಕೆಲಸ ಸಿಗದ, ಕೆಲಸವಿಲ್ಲದೆ ಅನುಭವ ದೊರೆಯದ ಸುಳಿಯಲ್ಲಿ ಸಿಲುಕಿ, ಕ್ರಮೇಣ ಅದನ್ನು ತಮ್ಮದೇ ಅಸಾಮರ್ಥ್ಯವೆಂದು ಬಗೆಯತೊಡಗುತ್ತಾರೆ. ಹೊಸಬರನ್ನು ಕೆಲಸಕ್ಕೆ ಪಳಗಿಸುವ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಯನ್ನು ಉದ್ಯಮ, ಶಿಕ್ಷಣ ಸಂಸ್ಥೆ ಮತ್ತು ಸರ್ಕಾರ ಮೂರೂ ಬದಿಗೊತ್ತಿರುವುದರಿಂದ, ಆ ಭಾರ ಅದನ್ನು ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವರ ಹೆಗಲೇರಿದೆ ಎಂಬುದೇ ಇಲ್ಲಿನ ನಿಜವಾದ ಸಮಸ್ಯೆ.

ಅದರ ಗಾತ್ರವನ್ನು ಅಧಿಕೃತ ಅಂಕಿಅಂಶಗಳು ತೋರಿಸುತ್ತವೆ. ದೇಶದ ಉದ್ಯೋಗ ಸ್ಥಿತಿಯನ್ನು ಅಳೆಯಲು ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ 2023-24ರ ವರದಿಯ ಪ್ರಕಾರ, 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗದ ಪ್ರಮಾಣ ಶೇ 3.2ರಷ್ಟಿದ್ದರೆ, 15ರಿಂದ 29 ವರ್ಷದವರಲ್ಲಿ ಅದು ಶೇ 10.2ರಷ್ಟಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮತ್ತೊಂದು ಸಂಸ್ಥೆಯ ಸಹಯೋಗದಲ್ಲಿ ಸಿದ್ಧಪಡಿಸಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯು, 2022ರಲ್ಲಿ ಓದುಬರಹ ಬಾರದ ಯುವಜನರ ನಿರುದ್ಯೋಗ ಶೇ 3.4ರಷ್ಟಿದ್ದಾಗ ಪದವೀಧರ ಯುವಜನರ ನಿರುದ್ಯೋಗ ಶೇ 29.1ಕ್ಕೆ ಏರಿತ್ತೆಂದು ದಾಖಲಿಸಿತು. ಓದದವರಿಗೆ ಒಳ್ಳೆಯ ಕೆಲಸಗಳಿವೆ ಎಂದು ಇದರ ಅರ್ಥವಲ್ಲ. ಕೂಲಿಯಿಲ್ಲದೆ ದಿನ ದೂಡಲಾಗದವರು ಸಿಕ್ಕಿದ ಕೆಲಸಕ್ಕೆ ಇಳಿಯುತ್ತಾರೆ, ಪದವೀಧರರು ಕಲಿತದ್ದಕ್ಕೆ ತಕ್ಕ ಕೆಲಸಕ್ಕಾಗಿ ಮನೆಯವರ ಆಸರೆಯಲ್ಲಿ ಕಾಯುತ್ತಾರೆ, ಮತ್ತು ಹಾಗೆ ಕಾಯುತ್ತ ಕಳೆದ ವರ್ಷಗಳೇ ಮುಂದಿನ ಸಂದರ್ಶನದಲ್ಲಿ ಇನ್ನೊಂದು ಅನರ್ಹತೆಯಾಗಿ ಎದುರು ನಿಲ್ಲುತ್ತವೆ.

ಉದ್ಯೋಗದಾತರು ಅನುಭವಸ್ಥರನ್ನೇ ಏಕೆ ಬಯಸುತ್ತಾರೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ, ಮಾನವ ಬಂಡವಾಳವನ್ನು ಕುರಿತ ಗ್ರಂಥದಲ್ಲಿ ಸ್ಪಷ್ಟ ವಿವರಣೆಯಿದೆ. ಮಾನವ ಬಂಡವಾಳವೆಂದರೆ ಶಿಕ್ಷಣ ಮತ್ತು ತರಬೇತಿಯ ಮೂಲಕ ವ್ಯಕ್ತಿಯಲ್ಲಿ ಸಂಚಯವಾಗುವ ದುಡಿಮೆಯ ಸಾಮರ್ಥ್ಯ. ಬೆಕರ್ ತರಬೇತಿಯನ್ನು ಎರಡು ಬಗೆಯಾಗಿ ವಿಂಗಡಿಸಿದರು: ಒಂದು ಸಂಸ್ಥೆಯ ಯಂತ್ರಕ್ಕೋ ಕಾರ್ಯವಿಧಾನಕ್ಕೋ ಸೀಮಿತವಾದದ್ದು ನಿರ್ದಿಷ್ಟ ತರಬೇತಿ, ಲೆಕ್ಕಪತ್ರ ನಿರ್ವಹಣೆ, ಗ್ರಾಹಕರೊಡನೆ ವ್ಯವಹಾರ, ಪ್ರೋಗ್ರಾಮಿಂಗ್‌ನಂತೆ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುವಂಥದ್ದು ಸಾಮಾನ್ಯ ತರಬೇತಿ. ಎರಡನೆಯ ಬಗೆಯ ತರಬೇತಿಗೆ ಹಣ ಹೂಡಿದ ಸಂಸ್ಥೆ, ಕಲಿತವರು ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೊರಟರೆ ಹೂಡಿದ್ದನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ಸಂಸ್ಥೆಯೂ ಬೇರೆಯವರು ತರಬೇತು ಮಾಡಿದವರನ್ನು ಆರಿಸಿಕೊಳ್ಳುವುದೇ ಲಾಭವೆಂದು ಭಾವಿಸುತ್ತದೆ. ಎಲ್ಲರೂ ಹಾಗೆಯೇ ಭಾವಿಸಿದಾಗ ಹೊಸಬರನ್ನು ತಯಾರು ಮಾಡುವವರೇ ಉಳಿಯುವುದಿಲ್ಲ.

ಈ ನಾಡಿನಲ್ಲಿ ಹಾಗಾಗದಂತೆ ತಡೆದ ಪರಂಪರೆಯೂ ಇತ್ತು. ಎಚ್‌ಎಎಲ್, 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, 1954ರಲ್ಲಿ ಆರಂಭವಾದ ಬಿಇಎಲ್ ಮೊದಲಾದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳು ಅಪ್ರೆಂಟಿಸ್‌ಗಳನ್ನು ತಾವೇ ತರಬೇತು ಮಾಡಿದವು. ಅಲ್ಲಿ ಪಳಗಿದ ಕೈಗಳು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಿಗೂ ಬಲವಾದವು. ಮುಂದೆ ಸಾಫ್ಟ್‌ವೇರ್ ಉದ್ಯಮ ಬೆಳೆದಾಗ ಇನ್ಫೊಸಿಸ್ ಮೈಸೂರಿನಲ್ಲಿ ಬೃಹತ್ ತರಬೇತಿ ಕೇಂದ್ರವನ್ನೇ ಕಟ್ಟಿ, ಎಂಜಿನಿಯರಿಂಗ್‌ನ ಬೇರೆ ಬೇರೆ ಶಾಖೆಗಳ ಪದವೀಧರರಿಗೆ ಸಂಬಳ ಕೊಟ್ಟು ತಿಂಗಳುಗಟ್ಟಲೆ ಪ್ರೋಗ್ರಾಮಿಂಗ್ ಕಲಿಸಿತು. ಟೊಯೊಟಾ 2007ರಲ್ಲಿ ಬಿಡದಿಯಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಎಸ್‌ಎಸ್‌ಎಲ್‌ಸಿ ಮುಗಿಸಿದ ಬಡ ಕುಟುಂಬಗಳ ಮಕ್ಕಳನ್ನು ಆರಿಸಿಕೊಂಡು ಮೂರು ವರ್ಷ ಪಳಗಿಸುತ್ತದೆ. ಅನುಭವವಿಲ್ಲದವರನ್ನು ಕರೆದು ಕಲಿಸಿದ್ದರಿಂದ ಕರ್ನಾಟಕದ ಉದ್ಯಮ ಸೊರಗಲಿಲ್ಲ, ಬೆಳೆಯಿತು ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಶಿಕ್ಷಣದ ಒಳಗೂ ಇಂಥದೇ ವ್ಯವಸ್ಥೆಯುಳ್ಳ ಶಾಖೆಗಳಿವೆ. ವೈದ್ಯಕೀಯ ಪದವಿಗೆ ಒಂದು ವರ್ಷದ ಹೌಸ್ ಸರ್ಜನ್‌ಷಿಪ್ ಕಡ್ಡಾಯ, ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವವರು ಹಿರಿಯರ ಕೈಕೆಳಗೆ ಆರ್ಟಿಕಲ್‌ಷಿಪ್ ಎಂಬ ಪ್ರಾಯೋಗಿಕ ತರಬೇತಿಯನ್ನು, ಈಗಿನ ನಿಯಮದಂತೆ ಎರಡು ವರ್ಷ, ಪೂರೈಸಬೇಕು, ಬಿ.ಇಡಿ. ವಿದ್ಯಾರ್ಥಿಗಳು ಶಾಲೆಗಳಲ್ಲಿ ಪಾಠ ಮಾಡಿಯೇ ಪದವಿ ಪಡೆಯುತ್ತಾರೆ. ಈ ವೃತ್ತಿಗಳಲ್ಲಿ ಮೊದಲ ಅನುಭವವು ಅರ್ಹತೆಯದೇ ಭಾಗವಾಗಿರುವುದರಿಂದ, ಅದನ್ನು ಗಳಿಸಲು ಯಾರ ಶಿಫಾರಸನ್ನೂ ಬೇಡಬೇಕಾಗಿಲ್ಲ. ಆದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವ, ಬಹುಮಟ್ಟಿಗೆ ಗ್ರಾಮೀಣ ಹಿನ್ನೆಲೆಯ, ಎಷ್ಟೋ ವೇಳೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗಳ ಪಾಲಿಗೆ ಓದಿನಿಂದ ಕೆಲಸಕ್ಕೆ ದಾಟಿಸುವ ಅಂಥ ಸೇತುವೆಯನ್ನು ಯಾರೂ ಸರಿಯಾಗಿ ಕಟ್ಟಿಲ್ಲ.

ಕಾನೂನಿನ ಬಲವಂತೂ ಆರು ದಶಕಗಳಿಂದ ಇದೆ. ಸರ್ಕಾರಿ ಕಡತಗಳಲ್ಲಿ ಶಿಶಿಕ್ಷು ಎಂದು ಕರೆಯಲಾಗುವ ಅಪ್ರೆಂಟಿಸ್‌ಗಳಿಗಾಗಿ 1961ರಲ್ಲಿ ರೂಪುಗೊಂಡ ಕಾಯ್ದೆಯು, 2014ರ ತಿದ್ದುಪಡಿಯ ನಂತರ ಎಂಜಿನಿಯರಿಂಗೇತರ ಪದವೀಧರರಿಗೂ ಅನ್ವಯಿಸುತ್ತದೆ; 2019ರ ನಿಯಮಗಳಂತೆ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು, ಗುತ್ತಿಗೆ ನೌಕರರೂ ಸೇರಿದಂತೆ ತಮ್ಮ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಆದರೆ ಅದೇ ನಿಯಮಗಳು ನಿಗದಿಪಡಿಸಿದ ಕನಿಷ್ಠ ಮಾಸಿಕ ಭತ್ಯೆ, ವಿದ್ಯಾರ್ಹತೆಗೆ ಅನುಗುಣವಾಗಿ, 5,000ದಿಂದ 9,000 ರೂಪಾಯಿಗಳಷ್ಟೇ ಆಗಿತ್ತು. ಕಾಯ್ದೆ ಅಪ್ರೆಂಟಿಸ್‌ಗಳನ್ನು ಕಾರ್ಮಿಕರೆಂದು ಪರಿಗಣಿಸುವುದೂ ಇಲ್ಲ.

ಈ ಮೊತ್ತದ ಅಲ್ಪತೆ ಅವಕಾಶದ ಪ್ರಶ್ನೆಯೂ ಹೌದು. ಕಡಿಮೆ ಭತ್ಯೆಯ, ಕೆಲವೊಮ್ಮೆ ಬಿಡಿಗಾಸೂ ಇಲ್ಲದ ಇಂಟರ್ನ್‌ಷಿಪ್‌ಗಳು ಬೆಂಗಳೂರಿನಲ್ಲಿ ಸ್ವಂತ ಮನೆಯುಳ್ಳವರಿಗೆ ಅನುಕೂಲವೇ ಸರಿ. ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬಂದು ಪಿಜಿಯ ಬಾಡಿಗೆ ಕಟ್ಟಬೇಕಾದವರಿಗೆ, ಅದರಲ್ಲೂ ಸುರಕ್ಷಿತ ವಸತಿಯಿಲ್ಲದೆ ಮನೆಯವರು ಕಳುಹಿಸಲೊಪ್ಪದ ಹೆಣ್ಣುಮಕ್ಕಳಿಗೆ, ಅನುಭವವೆಂಬುದು ದುಡ್ಡು ಕೊಟ್ಟು ಕೊಳ್ಳಬೇಕಾದ ವಸ್ತುವಾಗುತ್ತದೆ. ನಕಲಿ ಅನುಭವ ಪತ್ರ ಮಾರುವ ದಲ್ಲಾಳಿಗಳಿಗೂ, ಕೆಲಸ ಕೊಡಿಸುವುದಾಗಿ ಠೇವಣಿ ಪಡೆದು ಮಾಯವಾಗುವವರಿಗೂ ಗಿರಾಕಿಗಳು ಸಿಗುವುದು ಈ ಹತಾಶೆಯಿಂದಲೇ.

ಸರ್ಕಾರಗಳು ಇದನ್ನು ಗಮನಿಸಿಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆ, ಉತ್ತೀರ್ಣರಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ಮತ್ತು ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಕೇಂದ್ರ ಸರ್ಕಾರ ಅದೇ ವರ್ಷ ಘೋಷಿಸಿದ ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆ, ಐದು ವರ್ಷಗಳಲ್ಲಿ ಒಂದು ಕೋಟಿ ಯುವಜನರಿಗೆ 500 ಪ್ರಮುಖ ಕಂಪನಿಗಳಲ್ಲಿ, ಮಾಸಿಕ 5,000 ರೂಪಾಯಿ ನೆರವಿನೊಂದಿಗೆ, ತರಬೇತಿ ಒದಗಿಸುವ ಗುರಿ ಇರಿಸಿಕೊಂಡಿತು. ಯುವನಿಧಿ ಕಾಯುವವರ ಕಷ್ಟವನ್ನು ತುಸು ಹಗುರಗೊಳಿಸುತ್ತದೆ, ಇಂಟರ್ನ್‌ಷಿಪ್ ಯೋಜನೆ ಬಾಗಿಲನ್ನು ತುಸು ತೆರೆಯುತ್ತದೆ. ಇವೆರಡೂ ಒಂದಕ್ಕೊಂದು ಬೆಸೆದುಕೊಂಡಾಗ ಮಾತ್ರ ಭತ್ಯೆ ಪಡೆದ ತಿಂಗಳುಗಳು ಅನುಭವ ಗಳಿಸಿದ ತಿಂಗಳುಗಳೂ ಆಗುತ್ತವೆ.

ಆದ್ದರಿಂದ ಮೊದಲ ಅನುಭವವನ್ನು ಸಾರ್ವಜನಿಕ ಹೊಣೆಯೆಂದು ಒಪ್ಪಿಕೊಳ್ಳಬೇಕಾಗಿದೆ. ಪ್ರತಿ ಸಾಮಾನ್ಯ ಪದವಿಯಲ್ಲೂ ಭತ್ಯೆಸಹಿತವಾದ ಒಂದು ಸೆಮಿಸ್ಟರ್‌ನ ಕಾರ್ಯಾನುಭವವಿರಬೇಕು. ಅದು ಬೆಂಗಳೂರಿನ ಕಂಪನಿಗಳಿಗೇ ಸೀಮಿತವಾಗದೆ ಜಿಲ್ಲೆಗಳ ಸಹಕಾರಿ ಬ್ಯಾಂಕು, ಹಾಲು ಒಕ್ಕೂಟ, ನಗರಸಭೆ, ಸಣ್ಣ ಕೈಗಾರಿಕೆಗಳಿಗೂ ಹರಡಬೇಕು. ಖಾಲಿ ಬಿದ್ದ ಕಾಯಂ ಹುದ್ದೆಗಳ ಕೆಲಸವನ್ನು ಅಪ್ರೆಂಟಿಸ್‌ಗಳಿಂದ ಅಗ್ಗವಾಗಿ ಮಾಡಿಸಿಕೊಳ್ಳದಂತೆ ಅಲ್ಲಿ ಎಚ್ಚರವೂ ಇರಬೇಕು. ದೂರದಿಂದ ಬರುವವರಿಗೆ ಭತ್ಯೆಯ ಜೊತೆಗೆ ಹಾಸ್ಟೆಲ್ ಒದಗಿಸಬೇಕು. ಕಾಯ್ದೆ ಹೇಳಿದಷ್ಟು ಅಪ್ರೆಂಟಿಸ್‌ಗಳನ್ನು ಯಾವ ಸಂಸ್ಥೆ ತೆಗೆದುಕೊಂಡಿದೆ, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಕೊಟ್ಟಿದೆ ಎಂಬುದು ಪ್ರತಿವರ್ಷ ಜಿಲ್ಲಾವಾರು ಪ್ರಕಟವಾಗಬೇಕು. ಕಲಿತವರು ಬಿಟ್ಟುಹೋಗುತ್ತಾರೆಂಬ ಉದ್ಯಮಿಗಳ ಆತಂಕಕ್ಕೂ ದಾರಿಯಿದೆ: ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಬೇಕೆಂಬ ಬಾಂಡನ್ನು, ಅಂದರೆ ಅವಧಿಗೆ ಮೊದಲೇ ಬಿಟ್ಟರೆ ಪರಿಹಾರ ಕಟ್ಟುವ ಕರಾರನ್ನು, ಎತ್ತಿಹಿಡಿದಿದೆ. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳದ, ನ್ಯಾಯವಾದ ಇಂಥ ಕರಾರು ಎರಡೂ ಕಡೆಯವರಿಗೆ ಭದ್ರತೆ ಕೊಡಬಲ್ಲದು. ಇಷ್ಟಾದ ಮೇಲೆ ಪ್ರವೇಶ ಹಂತದ ಹುದ್ದೆಗೆ ಅನುಭವವನ್ನು ಷರತ್ತಾಗಿಸಲು ಯಾವ ಸಂಸ್ಥೆಗೂ ಕಾರಣ ಉಳಿಯುವುದಿಲ್ಲ. ಇಂದಿನ ಪ್ರತಿಯೊಬ್ಬ ಅನುಭವಸ್ಥರಿಗೂ ಒಮ್ಮೆ ಯಾರೋ ಮೊದಲ ಅವಕಾಶ ಕೊಟ್ಟಿದ್ದಾರೆ. ಆ ಅವಕಾಶವನ್ನು ಅದೃಷ್ಟಕ್ಕೆ ಬಿಡದೆ ಹಕ್ಕಾಗಿಸುವುದು ಪದವೀಧರರ ಈ ಪೀಳಿಗೆಗೆ ರಾಜ್ಯ ಸಲ್ಲಿಸಬೇಕಾದ ಕನಿಷ್ಠ ನ್ಯಾಯ.