ಪೈಲಟ್ ಪಗಾರ, ನಮ್ಮ ಟಿಕೆಟ್

ಯುಗಾದಿಗೆಂದು ಪುಣೆಯಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ಹುಡುಕುತ್ತಿದ್ದೆ. ದರ ಕಂಡು ಪಕ್ಕದಲ್ಲಿದ್ದ ಧಾರವಾಡದ ಮಾಮಾ ಗೊಣಗಿದರು: "ಪೈಲಟ್‌ಗೆ ಲಕ್ಷಗಟ್ಟಲೆ ಪಗಾರ ಕೊಟ್ರ ಟಿಕೀಟು ತುಟ್ಟಿ ಆಗದ ಇನ್ನೇನ ಆಗ್ತದ?"

ಒಪ್ಪುವ ಮುಂಚೆ ಲೆಕ್ಕ ಹಾಕಿದೆ. ಕ್ಯಾಪ್ಟನ್‌ಗೆ ತಿಂಗಳಿಗೆ 8 ಲಕ್ಷ, ಜೊತೆಗಿರುವ ಕಿರಿಯ ಪೈಲಟ್‌ಗೆ 3 ಲಕ್ಷ, ತಿಂಗಳಿಗೆ 70 ಗಂಟೆ ಹಾರಾಟ ಎಂದಿಟ್ಟುಕೊಳ್ಳೋಣ. ಇಬ್ಬರದೂ ಸೇರಿ ಗಂಟೆಗೆ 15,700 ರೂಪಾಯಿ ಚಿಲ್ಲರೆ. ಒಂದೂವರೆ ಗಂಟೆಯ ಪ್ರಯಾಣದ ಸಂಬಳವನ್ನು 150 ಪ್ರಯಾಣಿಕರಿಗೆ ಹಂಚಿದರೆ ತಲೆಗೆ 160 ರೂಪಾಯಿಯೂ ಆಗದು. ವಿಮಾನ ನಿಲ್ದಾಣದ ಕಾಫಿಯೇ ಇದಕ್ಕಿಂತ ದುಬಾರಿ. ದೊಡ್ಡ ಖರ್ಚು ಇಂಧನದ್ದು. ಅದು ಇನ್ನೂ ಜಿಎಸ್‌ಟಿಗೆ ಸೇರಿಲ್ಲ. ರಾಜ್ಯಗಳು ತಮಗೆ ತೋಚಿದಷ್ಟು ವ್ಯಾಟ್ ಹಾಕುತ್ತವೆ.

ಅಷ್ಟಕ್ಕೂ ಖರ್ಚು ಬೇರೆ, ಬೆಲೆ ಬೇರೆ. ಹಬ್ಬದ ವಾರ ಅದೇ ವಿಮಾನದ ಟಿಕೆಟ್ ಎರಡು ಮೂರು ಪಟ್ಟಾಗುತ್ತದೆ. ಪೈಲಟ್ ಸಂಬಳ ಆ ವಾರ ಏರುವುದಿಲ್ಲ. ಏರುವುದು ನಮ್ಮ ಗರಜು.

ಆದರೆ ಪೈಲಟ್‌ಗಳು ಸಾಲದೆ ಹೋದರೆ ಮಾತ್ರ ಕತೆಯೇ ಬೇರೆ. 2025ರಲ್ಲಿ ಡಿಜಿಸಿಎಯ ಹೊಸ ನಿಯಮಗಳು ಎರಡು ಹಂತಗಳಲ್ಲಿ ಜಾರಿಗೆ ಬಂದವು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಇದಕ್ಕೆ ತಕ್ಕ ತಯಾರಿ ಇಲ್ಲದ ಇಂಡಿಗೋ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನಗಳನ್ನು ರದ್ದು ಮಾಡಿತು. ಉಳಿದ ಸೀಟುಗಳ ದರ ಗಗನಕ್ಕೇರಿ, 500ರಿಂದ 1,000 ಕಿಲೋಮೀಟರ್ ದೂರಕ್ಕೆ 12,000 ರೂಪಾಯಿ ಮೀರಬಾರದೆಂದು ಸರ್ಕಾರವೇ ಮಿತಿ ಹಾಕಬೇಕಾಯಿತು. ಜನರ ಗೋಳು ನೋಡಿ ಆ ಕಂಪನಿಗೆ ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿಯನ್ನೂ ಕೊಟ್ಟರು.

ನನ್ನ ತಕರಾರು ಇರುವುದು ಇಲ್ಲಿಯೇ. ಕ್ಯಾಪ್ಟನ್ ಆಗಲು ಕನಿಷ್ಠ 1,500 ಗಂಟೆ ಹಾರಾಟದ ಅನುಭವ ಬೇಕು. ಅಂಥವರು ರಾತ್ರೋರಾತ್ರಿ ಸಿಗುವುದಿಲ್ಲ. ಮೊದಲೇ ಹೆಚ್ಚು ಜನರನ್ನು ತೆಗೆದುಕೊಂಡು ಸಂಬಳ ಕೊಡುವುದು ದುಂದಲ್ಲ. ಅದನ್ನು ಉಳಿಸಲು ಹೋದರೆ ಆಮೇಲೆ ತೆರುವವರು ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆಯುವ ನಾವು, ನಿದ್ದೆಗೆಟ್ಟು ಹಾರಿಸುವ ಅವರು. ಪೈಲಟ್ ಸಾಕಷ್ಟು ಮಲಗಿ ಬರಲಿ ಎಂದು ಟಿಕೆಟ್‌ಗೆ ಇನ್ನೂ ನೂರು ರೂಪಾಯಿ ಸೇರಿಸಿದರೆ ನಾನು ಚೌಕಾಸಿ ಮಾಡುವುದಿಲ್ಲ.

ಮಾಮಾ ಒಪ್ಪಲಿಲ್ಲ. ಸಂಜೆ ಧಾರವಾಡದ ಸ್ಲೀಪರ್ ಬಸ್ಸಿಗೆ ಫೋನ್ ಮಾಡಿದರು. ಟಿಕೆಟ್ ದರ ಕೇಳುವ ಮುಂಚೆ ಅವರು ಕೇಳಿದ್ದು: "ಡ್ರೈವರ್ ಇಬ್ರು ಅದಾರಿಲ್ಲೋ?"