ಪೆನ್‌ಡ್ರೈವ್ ಕೀಳುವ ಮುನ್ನ

ಮಗಳ ಮದುವೆ ಫೋಟೋಗಳು ಪೆನ್‌ಡ್ರೈವ್‌ನಲ್ಲಿವೆ. ನೋಡಿ ಮುಗಿಸಿ ತೆಗೆಯಹೋದರೆ ‘ಸಾಧನ ಬಳಕೆಯಲ್ಲಿದೆ’ ಎಂದು ಕಂಪ್ಯೂಟರಿನ ತಕರಾರು. “ಸಿಟ್ಟು ಬಂದು ಕಿತ್ತೇಬಿಡೋಣ ಅನ್ನಿಸ್ತು ಅಕ್ಕಾ” ಎಂದು ಸೋದರಿಯೊಬ್ಬರು ಬರೆದಿದ್ದಾರೆ. ಬೇಡಮ್ಮಾ, ಸ್ವಲ್ಪ ತಾಳಿ!

ಊರಿಗೆ ಹೊರಟಾಗ ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡೇ ಮನೆಗೆ ಬೀಗ ಹಾಕುತ್ತೇವಲ್ಲ, ವಿಂಡೋಸ್ ಮಾಡುವುದೂ ಅದನ್ನೇ. ನೀವು ‘ಇಜೆಕ್ಟ್’ ಒತ್ತಿದೊಡನೆ ಅದು ಇಡೀ ಪೆನ್‌ಡ್ರೈವ್‌ಗೆ ಬೀಗ ಹಾಕಲು ನೋಡುತ್ತದೆ. ಯಾವುದೋ ಪ್ರೋಗ್ರಾಂ ಒಂದೇ ಒಂದು ಫೈಲನ್ನು ತೆರೆದಿಟ್ಟುಕೊಂಡಿದ್ದರೂ ಬೀಗ ಬೀಳುವುದಿಲ್ಲ. ಫೋಟೋ ತೋರಿಸುವ ಪ್ರೋಗ್ರಾಂ ಇರಬಹುದು. ಕಣ್ಣಿಗೇ ಕಾಣದೆ ಹಿಂದೆ ತಪಾಸಣೆ ನಡೆಸುತ್ತಿರುವ ಆಂಟಿವೈರಸ್ಸೂ ಇರಬಹುದು.

ತೆರೆದದ್ದನ್ನೆಲ್ಲ ಮುಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿ. ಆಗಲೂ ಹಟ ಮಾಡಿದರೆ ಕಂಪ್ಯೂಟರನ್ನೇ ಶಟ್‌ಡೌನ್ ಮಾಡಿ ತೆಗೆಯಿರಿ.

2018ರ ನಂತರದ ವಿಂಡೋಸ್‌ನಲ್ಲಿ ಸುಮ್ಮನೆ ಕಿತ್ತರೂ ಪರವಾಗಿಲ್ಲ ಅಂತ ಮನೆಯ ಹುಡುಗರು ವಾದಿಸಬಹುದು. ಏನೂ ನಡೆಯದೆ ಇರುವಾಗ ಆ ಮಾತು ಸರಿಯೇ. ಆದರೆ ಫೋಟೋ ಸೇರಿಸುತ್ತಿರುವಾಗಲೇ ಕಿತ್ತರೆ ಅದು ಅರ್ಧಕ್ಕೇ ನಿಂತೀತು, ಕೆಲವೊಮ್ಮೆ ಪೆನ್‌ಡ್ರೈವೇ ತೆರೆಯದಂತಾದೀತು.

ಹಾಗೇ ಇನ್ನೊಂದು ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಸಿಡಿ. ಸ್ಟುಡಿಯೋದವರು ತಾನೇ ಎಷ್ಟು ದಿನ ಇಟ್ಟುಕೊಂಡಾರು?