ಅಜ್ಜಿ ಸೀರೆಗೂ ಒಂದು ಡೇಟಾಶೀಟ್ ಬೇಕು

ಎಥ್ನಿಕ್ ಡೇ ಬಂತೆಂದರೆ ನಮ್ಮ ಹಾಸ್ಟೆಲಿನಲ್ಲಿ ಅಜ್ಜಿಯಂದಿರ ಸೀರೆಗೆ ಎಲ್ಲಿಲ್ಲದ ಡಿಮ್ಯಾಂಡು. ಈ ಸಲ ನಮ್ಮ ಗೆಳತಿಯೊಬ್ಬಳು ಮನೆಯ ಹಳೇ ಇಳಕಲ್ ಸೀರೆಯ ಸೆರಗು ಕತ್ತರಿಸಿ ಜಾಕೆಟ್ ಹೊಲಿಸಿದಳು. ನಾವೂ ಸೂಪರ್ ಅಂದ್ವಿ, ಫೋಟೋ ತಗೊಂಡ್ವಿ. ಆಮೇಲೆ ಅವಳಜ್ಜಿ ಫೋನಿನಲ್ಲಿ ಕೇಳಿದ್ದು ಒಂದೇ: "ಕೊಂಡೀನೂ ಕತ್ತರಿಸಿದ್ರೇನವಾ?"

ಕೊಂಡಿ ಅಂದರೇನು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಳಕಲ್ ಸೀರೆಯಲ್ಲಿ ಮೈಗೂ ಸೆರಗಿಗೂ ಹಾಸು ಬೇರೆ ಬೇರೆ. ಮೈಯ ಎಳೆಗಳಿಗೂ ಸೆರಗಿನ ರೇಷ್ಮೆ ಎಳೆಗಳಿಗೂ ಕುಣಿಕೆ ಹಾಕಿ, ಒಂದಕ್ಕೊಂದು ಸಿಕ್ಕಿಸಿ, ಆಮೇಲೆ ನೇಯುತ್ತಾರೆ. ಆ ಜೋಡಣೆಯೇ ಕೊಂಡಿ. ಟೈಲರ್ ಕತ್ತರಿ ಆಡಿಸಿದ್ದು ಸರಿಯಾಗಿ ಅಲ್ಲೇ.

ಇಂಥದ್ದನ್ನೆಲ್ಲ ನೋಡಿ ಬರೆದಿಟ್ಟು ಕಾಯುವುದನ್ನೇ ಕೆಲಸ ಮಾಡಿಕೊಂಡವರು ಉಡುಪು ಸಂಗ್ರಹಗಳ ಆರ್ಕೈವಿಸ್ಟ್‌ಗಳು. ಅಹಮದಾಬಾದಿನ ಕ್ಯಾಲಿಕೊ ಮ್ಯೂಸಿಯಂನಂಥ ಕಡೆ ಬೇಕಾಗುವುದು ಇವರೇ. ಫ್ಯಾಷನ್ ಕೆಲಸ, ನಮಗ್ಯಾಕೆ ಅನ್ನಬೇಡಿ. ಅದರಲ್ಲಿ ಅರ್ಧ ನಮ್ಮದೇ ಸಿಲಬಸ್. ಹಳೇ ಬಟ್ಟೆಯನ್ನು ಹ್ಯಾಂಗರಿಗೆ ಹಾಕಿದರೆ ಅದರ ಭಾರಕ್ಕೆ ಅದೇ ಹರಿಯುತ್ತದೆ. ಆಮ್ಲವಿಲ್ಲದ ಕಾಗದದಲ್ಲಿ ಮಲಗಿಸಿಡಬೇಕು. ಪ್ರದರ್ಶನಕ್ಕಿಟ್ಟಾಗ ಬೆಳಕು ಸಾಮಾನ್ಯವಾಗಿ 50 ಲಕ್ಸ್ ಮೀರಬಾರದು, ಯಾಕೆಂದರೆ ಒಮ್ಮೆ ಮಾಸಿದ ಬಣ್ಣಕ್ಕೆ ಅನ್‌ಡೂ ಇಲ್ಲ. ಹುಳ ಬಿದ್ದರೆ ನುಸಿಗುಳಿಗೆ ಅಲ್ಲ, ಡೀಪ್ ಫ್ರೀಜರ್. 19ನೇ ಶತಮಾನದ ಯುರೋಪಿನಲ್ಲಿ ರೇಷ್ಮೆಯ ತೂಕ ಹೆಚ್ಚಿಸಲು ತವರದ ಲವಣ ತುಂಬುತ್ತಿದ್ದರು. ಆ ಗೌನುಗಳು ಪೆಟ್ಟಿಗೆಯೊಳಗೆ ಸುಮ್ಮನೆ ಮಲಗಿದ್ದರೂ ಸೀಳುತ್ತವೆ!

2022ರಲ್ಲಿ ಕಿಮ್ ಕರ್ದಾಶಿಯನ್, ಮರ್ಲಿನ್ ಮನ್ರೋ 1962ರಲ್ಲಿ ತೊಟ್ಟಿದ್ದ ಗೌನನ್ನೇ ಮೆಟ್ ಗಾಲಾಗೆ ತೊಟ್ಟು ಬಂದಾಗ, ಐತಿಹಾಸಿಕ ಉಡುಪನ್ನು ಯಾರೂ ತೊಡಲೇಬಾರದು ಅಂತ ಮ್ಯೂಸಿಯಂ ತಜ್ಞರು ಹೇಳಿಕೆ ಕೊಟ್ಟರು. ನಾವು ಅಷ್ಟು ದೂರ ಹೋಗಲ್ಲ. ಮನೆಯ ಸೀರೆ ಉಡೋಕೇ ಇರೋದು, ಉಡಿ. ಆದರೆ ಕತ್ತರಿ ಬೇಡ. ಮತ್ತೆ, ಉಡುವ ಮೊದಲು ಅದರ ಕಥೆ ಬರೆದಿಡಿ: ಯಾರದು, ಎಲ್ಲಿ ಕೊಂಡದ್ದು, ಯಾವ ಮದುವೆಗೆ, ತೇಪೆ ಹಾಕಿದ್ದು ಯಾರು. ಆರ್ಕೈವಿಸ್ಟ್‌ಗೆ ತೇಪೆಯೂ ದಾಖಲೆ, ಅರಿಶಿನದ ಕಲೆಯೂ ದಾಖಲೆ. ಎರಡು ರೂಪಾಯಿಯ ಟ್ರಾನ್ಸಿಸ್ಟರನ್ನೂ ಡೇಟಾಶೀಟ್ ನೋಡದೆ ಮುಟ್ಟದ ನಾವು, ಅಜ್ಜಿ ಸೀರೆಗೆ ಒಂದು ಪುಟ ಬರೆಯಲಾರೆವೇ?

ಉಳಿದ ತುಂಡುಗಳನ್ನು ಟೈಲರ್ ಹತ್ತಿರದಿಂದ ವಾಪಸ್ ತಂದಿದ್ದೇವೆ. ಅಜ್ಜಿ ಫೋನಿನಲ್ಲಿ ಹೇಳುತ್ತಾ ಹೋದರು, ನಾವು ಬರೆದುಕೊಂಡೆವು. ಕೊಂಡ ವರ್ಷ ಮಾತ್ರ ಅವರಿಗೂ ನೆನಪಿಲ್ಲ.